ಬಿಸಿಲಲ್ಲಿ ಫೋಟೊ ತೆಗೆಯಲು ಯಾವ ಫಿಲ್ಟರ್ ಬೇಕು?

ಪ್ರಶ್ನೆ: ಆರು ತಿಂಗಳಿಂದ ಡಿಎಸ್‌ಎಲ್‌ಆರ್ ಕ್ಯಾಮೆರಾ ಬಳಸುತ್ತಿದ್ದೇನೆ. 18–135 ಎಂಎಂ ಜೂಮ್ ಒಂದು, 50 ಎಂಎಂ ಎಫ್/1.8 ಒಂದು, ಹೀಗೆ ಎರಡು ಲೆನ್ಸ್ ಇವೆ. ಬೆಳಗ್ಗೆ, ಸಂಜೆ ತೆಗೆದ ಚಿತ್ರಗಳು ಚೆನ್ನಾಗಿಯೇ ಬರುತ್ತವೆ. ಸುಡುಬಿಸಿಲಲ್ಲಿ ತೆಗೆದರೆ ಮಾತ್ರ ಆಕಾಶ ಬೆಳ್ಳಗಾಗುತ್ತದೆ, ಎಲೆಯ ಹಸಿರು ಮಂಕಾಗುತ್ತದೆ, ಕೆರೆಯ ನೀರಂತೂ ಬರೀ ಹೊಳಪು. ಬಿಸಿಲಿಗೆ ಕಪ್ಪು ಫಿಲ್ಟರ್ ಹಾಕಬೇಕು ಎಂದು ಗೆಳೆಯರು ಹೇಳುತ್ತಾರೆ. ಯುವಿ, ಸಿಪಿಎಲ್, ಎನ್‌ಡಿ ಮೂರೂ ಇರುವ ಅಗ್ಗದ ಸೆಟ್ ಕೊಳ್ಳಲೇ? ಅಥವಾ ತಿರುಗಿಸಿದಂತೆಲ್ಲ ಕಪ್ಪಾಗುವ ವೇರಿಯಬಲ್ ಎನ್‌ಡಿ ಒಂದೇ ಸಾಕೇ? ಇನ್ನೊಂದು ವಿಷಯ: 50 ಎಂಎಂ ಲೆನ್ಸಿಗೆ ಹಾಕಿದ್ದ ಯುವಿ ಫಿಲ್ಟರ್ ಬಿಗಿದುಕೊಂಡು ಬಿಚ್ಚಲು ಬರುತ್ತಿಲ್ಲ. ಏನು ಮಾಡಲಿ?

ಉತ್ತರ: ಸೆಟ್ ಕೊಳ್ಳಬೇಡಿ. ಆ ಹಣದಲ್ಲಿ, ಸಾಲದಿದ್ದರೆ ಸ್ವಲ್ಪ ಕಾದು ಇನ್ನಷ್ಟು ಕೂಡಿಸಿ, ಒಂದೇ ಒಂದು ಒಳ್ಳೆಯ ಸರ್ಕ್ಯುಲರ್ ಪೋಲರೈಸರ್ ಕೊಳ್ಳಿ. ನೀವು ಸಿಪಿಎಲ್ ಎಂದು ಬರೆದಿರುವುದು ಅದನ್ನೇ. ಬೆಳಕನ್ನು ತಗ್ಗಿಸುವ ಕಪ್ಪು ಗಾಜಾದ ಎನ್‌ಡಿ ಬೇಕೋ ಬೇಡವೋ ಎಂಬುದನ್ನು ಮುಂದೆ ನಿಮ್ಮ ಚಿತ್ರಗಳೇ ಹೇಳುತ್ತವೆ. ಆದರೆ ಯಾವುದನ್ನೇ ಕೊಳ್ಳುವ ಮೊದಲು ನಿಮ್ಮ ಗೆಳೆಯರ ಮಾತಿನಲ್ಲಿರುವ ಒಂದು ತಪ್ಪು ತಿಳಿವಳಿಕೆಯನ್ನು ತೆಗೆದುಹಾಕಬೇಕು. ಬಿಸಿಲಿಗೆ ಹೊಸದಾಗಿ ಇಳಿದ ಹೆಚ್ಚಿನವರು ಎಡವುವುದು ಅಲ್ಲೇ.

ಬಿಸಿಲು ಹೆಚ್ಚಾದರೆ ನಾವು ಕೂಲಿಂಗ್ ಗ್ಲಾಸ್ ಹಾಕುತ್ತೇವೆ, ಕ್ಯಾಮೆರಾಗೂ ಹಾಕಬೇಕು ಎಂಬ ಯೋಚನೆ ಸಹಜ. ಆದರೆ ಕ್ಯಾಮೆರಾಗೆ ಬೆಳಕು ಹೆಚ್ಚಾಗಿ ಕಣ್ಣು ಕುಕ್ಕುವುದಿಲ್ಲ. ಬೆಳಕು ಹೆಚ್ಚಿದ್ದಷ್ಟೂ ಅದು ಶಟರನ್ನು ಬೇಗ ಮುಚ್ಚುತ್ತದೆ, ಅಷ್ಟೆ. ನಿಚ್ಚಳ ಬಿಸಿಲಿಗೆ ಹಳಬರು ಬಳಸುತ್ತಿದ್ದ ಒಂದು ಲೆಕ್ಕವಿದೆ: ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ರಂಧ್ರ) ಎಫ್/16 ಇಟ್ಟು, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಎಷ್ಟೋ ಶಟರ್ ಅದರಷ್ಟನೇ ಒಂದು ಭಾಗ. ಐಎಸ್‌ಒ 100 ಆದರೆ ಸೆಕೆಂಡಿನ 1/100. ಅದೇ ಬೆಳಕಿಗೆ ಎಫ್/8ರಲ್ಲಿ 1/400 ಆಗುತ್ತದೆ. ಈಗ ಲೆನ್ಸಿನ ಮುಂದೆ ಬೆಳಕನ್ನು ಎಂಟರಲ್ಲೊಂದು ಪಾಲಿಗೆ ಇಳಿಸುವ ಕಪ್ಪು ಗಾಜು ಹಾಕಿ ನೋಡಿ. ಆಟೊ ಮೋಡಿನಲ್ಲಿರುವ ಕ್ಯಾಮೆರಾ ಬೆಳಕು ಕಡಿಮೆಯಾಯಿತೆಂದು ತಿಳಿದು ಶಟರನ್ನು 1/50ಕ್ಕೆ ಇಳಿಸುತ್ತದೆ. ಚಿತ್ರ ಮೊದಲಿನಂತೆಯೇ ಬರುತ್ತದೆ. ಆಕಾಶ ಮೊದಲಿನಷ್ಟೇ ಬಿಳಿ. ಜೊತೆಗೆ ಕೈ ಅಲುಗಿದ್ದು ಕೂಡ ಕಾಣುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಹಾಗಾದರೆ ಆಕಾಶ ಬೆಳ್ಳಗಾಗುವುದೇಕೆ? ನೆರಳಿನಲ್ಲಿರುವ ಮರ, ಕಪ್ಪು ಬಂಡೆ, ಜನರ ಮುಖ ಇಂಥವನ್ನು ಬೆಳಗಿಸಲು ಕ್ಯಾಮೆರಾ ಹೊರಟಾಗ, ಅವುಗಳಿಗಿಂತ ಎಷ್ಟೋ ಪಟ್ಟು ಪ್ರಖರವಾದ ಆಕಾಶ ಸೆನ್ಸರಿನ ಹಿಡಿತ ಮೀರಿ ಹೋಗುತ್ತದೆ. ಇದು ಎಕ್ಸ್‌ಪೋಶರ್, ಅಂದರೆ ಸೆನ್ಸರಿಗೆ ಬೀಳುವ ಬೆಳಕಿನ ಪ್ರಮಾಣದ ಸಮಸ್ಯೆ, ಇದಕ್ಕೆ ಖರ್ಚಿಲ್ಲದ ಮದ್ದಿದೆ. ಮೆನುವಿನಲ್ಲಿ ಹೈಲೈಟ್ ಎಚ್ಚರಿಕೆ ಎಂಬ ಆಯ್ಕೆಯನ್ನು ಆನ್ ಮಾಡಿ. ಬಿಳಿಚಿಹೋದ ಜಾಗ ಪರದೆಯ ಮೇಲೆ ಮಿಟುಕುತ್ತದೆ. ಮಿಟುಕಿದರೆ ಎಕ್ಸ್‌ಪೋಶರ್ ಕಾಂಪೆನ್ಸೇಶನ್ನನ್ನು ಮೈನಸ್ ಕಡೆಗೆ ಒಂದೊಂದೇ ಹೆಜ್ಜೆ ಒಯ್ಯುತ್ತ, ಮಿಟುಕು ನಿಲ್ಲುವವರೆಗೂ ಇಳಿಸಿ. ಸೆನ್ಸರ್ ಹಿಡಿದದ್ದನ್ನೆಲ್ಲ ಹಾಗೆಯೇ ಉಳಿಸಿಕೊಳ್ಳುವ ರಾ ಫೈಲಿನಲ್ಲಿ ತೆಗೆಯಿರಿ. ಕತ್ತಲಾದ ನೆರಳನ್ನು ಆಮೇಲೆ ಕಂಪ್ಯೂಟರಿನಲ್ಲಿ ಎತ್ತಿಕೊಳ್ಳಬಹುದು, ಪೂರ್ತಿ ಬೆಳ್ಳಗಾದ ಆಕಾಶದಲ್ಲಿ ಎತ್ತಿಕೊಳ್ಳಲು ಏನೂ ಉಳಿದಿರುವುದಿಲ್ಲ. ಇಷ್ಟು ಮಾಡಿದ ಮೇಲೆ ನಿಮ್ಮ ದೂರಿನಲ್ಲಿ ಅರ್ಧ ತೀರುತ್ತದೆ.

ಉಳಿದ ಅರ್ಧಕ್ಕೆ, ಅಂದರೆ ಮಂಕಾದ ಎಲೆಗೂ ಬರೀ ಹೊಳೆಯುವ ನೀರಿಗೂ, ಫಿಲ್ಟರ್ ಬೇಕು. ಫಿಲ್ಟರ್ ಕೊಳ್ಳುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದು ಮಾಡುವ ಕೆಲಸವನ್ನು ಮನೆಗೆ ಬಂದು ಕಂಪ್ಯೂಟರಿನಲ್ಲಿ ಮಾಡಲು ಆಗುತ್ತದೆಯೇ? ಆಗುವುದಾದರೆ ಲೆನ್ಸಿನ ಮುಂದೆ ಇನ್ನೊಂದು ಗಾಜು ಅಡ್ಡ ಇಡುವುದೇಕೆ? ಬಣ್ಣ ಬೆಚ್ಚಗೆ ಮಾಡುವ ಫಿಲ್ಟರ್, ತಣ್ಣಗೆ ಮಾಡುವ ಫಿಲ್ಟರ್, ಕಪ್ಪು-ಬಿಳುಪು ಚಿತ್ರಕ್ಕೆಂದು ಇದ್ದ ಹಳದಿ, ಕಿತ್ತಳೆ, ಕೆಂಪು ಫಿಲ್ಟರುಗಳು ಫಿಲ್ಮ್ ಕಾಲದಲ್ಲಿ ಬೇಕೇ ಬೇಕಿದ್ದವು. ಈಗ ಅವುಗಳ ಕೆಲಸವನ್ನು ವೈಟ್ ಬ್ಯಾಲೆನ್ಸ್ ಮತ್ತು ಬಣ್ಣದ ಸ್ಲೈಡರುಗಳು ಮಾಡುತ್ತವೆ. ಎರಡು ಕೆಲಸಗಳನ್ನು ಮಾತ್ರ ಕಂಪ್ಯೂಟರಿನಲ್ಲಿ ಸರಿಯಾಗಿ ಮಾಡಲಾಗದು. ಒಂದು, ಪ್ರತಿಫಲನವನ್ನು ತೆಗೆದು ಅದರ ಕೆಳಗೇನಿದೆ ಎಂದು ತೋರಿಸುವುದು. ಇನ್ನೊಂದು, ಹಾಡಹಗಲಲ್ಲಿ ಶಟರನ್ನು ಬಹಳ ಹೊತ್ತು ತೆರೆದಿಡುವುದು. ಮೊದಲನೆಯದಕ್ಕೆ ಪೋಲರೈಸರ್, ಎರಡನೆಯದಕ್ಕೆ ಎನ್‌ಡಿ.

ಪೋಲರೈಸರ್ ಮಾಡುವ ಕೆಲಸ ಕಣ್ಣಾರೆ ಕಾಣುವಂಥದ್ದು. ತಿಳಿನೀರಿನ ದಡದಲ್ಲಿ ನಿಂತು ಅದನ್ನು ಕೈಯಲ್ಲಿ ಹಿಡಿದು ಒಂದು ಕಣ್ಣಿನಿಂದ ನೋಡಿ. ಮೊದಲು ನೀರಿನ ಮೇಲೆ ಆಕಾಶದ ಬಿಳುಪು ಹಾಸಿಕೊಂಡಿರುತ್ತದೆ. ನಿಧಾನವಾಗಿ ತಿರುಗಿಸುತ್ತ ಬನ್ನಿ. ಆ ಬಿಳುಪು ತೆಳ್ಳಗಾಗುತ್ತದೆ, ಕಾಲ ಬುಡದಿಂದ ಸ್ವಲ್ಪ ಆಚೆ ಒಂದು ಪಟ್ಟಿಯಷ್ಟು ಜಾಗದಲ್ಲಿ ನೀರೇ ಇಲ್ಲವೇನೋ ಎಂಬಂತೆ ತಳ ತೆರೆದುಕೊಳ್ಳುತ್ತದೆ. ಕಂದು ಬೆಣಚುಕಲ್ಲು, ಅದರ ಮೇಲಿನ ಪಾಚಿಯ ನೂಲು, ಮೀನಿಗಿಂತ ಮೊದಲು ಕಣ್ಣಿಗೆ ಬೀಳುವ ಮೀನಿನ ನೆರಳು. ಇನ್ನೂ ಕಾಲು ಸುತ್ತು ತಿರುಗಿಸಿದರೆ ಎಲ್ಲ ಮುಚ್ಚಿಕೊಂಡು ಮತ್ತೆ ಆಕಾಶ ಬಂದು ಕೂರುತ್ತದೆ. ಇಷ್ಟು ವರ್ಷವಾದರೂ ನನಗೆ ಇದು ಹಳತಾಗಿಲ್ಲ.

ಇದರ ಹಿಂದಿನ ವಿಷಯ ತಿಳಿದಿದ್ದರೆ ಬಳಸುವುದು ಸುಲಭ. ಬೆಳಕಿನ ಅಲೆ ತಾನು ಸಾಗುವ ದಿಕ್ಕಿಗೆ ಅಡ್ಡಲಾಗಿ ಎಲ್ಲ ಕಡೆಗೂ ಕಂಪಿಸುತ್ತಿರುತ್ತದೆ. ನೀರು, ಗಾಜು, ಎಲೆಯ ಮೇಲಿನ ಮೇಣದ ಪದರ ಇಂಥ ನುಣುಪು ಮೈಗೆ ತಗುಲಿ ಓರೆಯಾಗಿ ಚಿಮ್ಮಿದಾಗ ಅದು ಬಹುಪಾಲು ಒಂದೇ ದಿಕ್ಕಿನಲ್ಲಿ ಕಂಪಿಸತೊಡಗುತ್ತದೆ. ಇದನ್ನೇ ಧ್ರುವೀಕರಣ ಎನ್ನುತ್ತಾರೆ. 1808ರಲ್ಲಿ ಫ್ರಾನ್ಸಿನ ಭೌತವಿಜ್ಞಾನಿ ಎಟಿಯೆನ್ ಲೂಯಿ ಮಾಲುಸ್ ಪ್ಯಾರಿಸಿನ ಲಕ್ಸಂಬರ್ಗ್ ಅರಮನೆಯ ಕಿಟಕಿಗಳಲ್ಲಿ ಹೊಳೆಯುತ್ತಿದ್ದ ಸಂಜೆ ಬಿಸಿಲನ್ನು ಕ್ಯಾಲ್ಸೈಟ್ ಹರಳಿನ ಮೂಲಕ ನೋಡುತ್ತ, ಹರಳನ್ನು ತಿರುಗಿಸಿದಾಗ ಆ ಹೊಳಪು ಏರಿಳಿಯುವುದನ್ನು ಕಂಡ. ನಾವು ಇಂದು ಲೆನ್ಸಿನ ಮುಂದೆ ಉಂಗುರ ತಿರುಗಿಸಿ ಮಾಡುವುದೂ ಅದನ್ನೇ. ಒಂದು ದಿಕ್ಕಿನ ಕಂಪನವನ್ನು ಪೋಲರೈಸರ್ ತಡೆಯುತ್ತದೆ, ಅದು ಪ್ರತಿಫಲನದ ದಿಕ್ಕಿಗೆ ಸರಿಹೊಂದಿದಾಗ ಹೊಳಪು ಮಾಯವಾಗುತ್ತದೆ.

ಇದು ಯಾವ ಕೋನದಲ್ಲಿ ಅತ್ಯುತ್ತಮವಾಗಿ ಕೆಲಸ ಮಾಡುತ್ತದೆ ಎಂಬುದು ಮುಖ್ಯ. ನೀರಿಗಾದರೆ ನಿಮ್ಮ ನೋಟ ನೀರಿನ ಮೇಲ್ಮೈಗೆ ಸುಮಾರು 37 ಡಿಗ್ರಿ ಓರೆಯಾಗಿರಬೇಕು. ನೇರ ಕೆಳಗೆ ಬಗ್ಗಿ ನೋಡಿದರೂ ಕೆಲಸವಿಲ್ಲ, ತೀರಾ ದೂರಕ್ಕೆ ನೀರಿನ ಮಟ್ಟದಲ್ಲೇ ನೋಡಿದರೂ ಕೆಲಸವಿಲ್ಲ. ಆದ್ದರಿಂದ ಕೆರೆಯ ಚಿತ್ರದಲ್ಲಿ ಹತ್ತಿರದ ನೀರು ತಿಳಿಯಾಗಿ, ಆಚೆ ದಡದ ನೀರು ಹೊಳೆಯುತ್ತಲೇ ಉಳಿದರೆ ಫಿಲ್ಟರ್ ಕೆಟ್ಟಿದೆ ಎಂದುಕೊಳ್ಳಬೇಡಿ. ಸ್ಟೀಲ್, ಹಿತ್ತಾಳೆಯಂಥ ಬರಿ ಲೋಹದ ಹೊಳಪಿನ ಮೇಲೆ ಪೋಲರೈಸರಿನ ಆಟ ನಡೆಯುವುದಿಲ್ಲ.

ಆಕಾಶದ ಲೆಕ್ಕ ಬೇರೆ. ನೀಲಿ ಆಕಾಶದ ಬೆಳಕು ಗಾಳಿಯ ಅಣುಗಳಿಂದ ಚದುರಿ ಬರುವಂಥದ್ದು, ಸೂರ್ಯನಿಗೆ 90 ಡಿಗ್ರಿ ದೂರದಲ್ಲಿರುವ ಪಟ್ಟಿಯಲ್ಲಿ ಅದು ಅತಿ ಹೆಚ್ಚು ಧ್ರುವೀಕರಣಗೊಂಡಿರುತ್ತದೆ. ಆ ಪಟ್ಟಿ ಹುಡುಕಲು ಕೈಯೇ ಸಾಕು. ತೋರುಬೆರಳನ್ನು ಸೂರ್ಯನ ಕಡೆಗೆ ಚಾಚಿ, ಹೆಬ್ಬೆರಳನ್ನು ಅದಕ್ಕೆ ಲಂಬವಾಗಿ ಬಿಡಿಸಿ. ತೋರುಬೆರಳು ಕದಲದಂತೆ ಮಣಿಕಟ್ಟನ್ನು ತಿರುಗಿಸಿದರೆ ಹೆಬ್ಬೆರಳು ತೋರಿಸುವ ದಾರಿಯೆಲ್ಲ ಪೋಲರೈಸರಿನಿಂದ ಕಡುನೀಲಿಯಾಗುವ ಆಕಾಶ. ಸೂರ್ಯನ ಕಡೆಗೋ, ಸೂರ್ಯನಿಗೆ ಬೆನ್ನು ಹಾಕಿ ನೇರ ಎದುರಿಗೋ ಕ್ಯಾಮೆರಾ ಹಿಡಿದರೆ ಉಂಗುರ ಎಷ್ಟು ತಿರುಗಿಸಿದರೂ ಆಕಾಶ ಹೆಚ್ಚೇನೂ ಬದಲಾಗದು. ಸೂರ್ಯ ಎಡ ಅಥವಾ ಬಲ ಭುಜದ ಕಡೆ ಇರಬೇಕು. ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲಿದ್ದಾಗ ಆ ಪಟ್ಟಿ ದಿಗಂತದ ಸುತ್ತ ಮಲಗಿರುತ್ತದೆ, ಆಗ ಯಾವ ದಿಕ್ಕಿಗೆ ತಿರುಗಿದರೂ ಅಷ್ಟಿಷ್ಟು ನೀಲಿ ಸಿಗುತ್ತದೆ. ಮೋಡದ ಮುಸುಕಿದ್ದರೆ ಆಕಾಶದ ಮಟ್ಟಿಗೆ ಈ ಫಿಲ್ಟರ್ ನಿಷ್ಪ್ರಯೋಜಕ.

ಆದರೆ ಮೋಡ ಮುಸುಕಿದ ದಿನ ಎಂದು ಅದನ್ನು ಚೀಲದಲ್ಲೇ ಬಿಡಬೇಡಿ. ನನ್ನ ಲೆಕ್ಕದಲ್ಲಿ ಪೋಲರೈಸರಿನ ಅತ್ಯುತ್ತಮ ಕೆಲಸ ಆಕಾಶಕ್ಕಲ್ಲ, ಎಲೆಗೆ. ಎಲೆಯ ಮೇಲೆ ಬೀಳುವ ಬೆಳಕಿನ ಒಂದು ಪಾಲು ಒಳಗೆ ಇಳಿಯದೆ ಮೇಲಿನಿಂದಲೇ ಬೆಳ್ಳಗೆ ಚಿಮ್ಮುತ್ತದೆ. ನೀವು ಹೇಳಿದ ಮಂಕು ಹಸಿರು ಅದೇ. ಬಣ್ಣ ಸತ್ತಿಲ್ಲ, ಅದರ ಮೇಲೆ ಬಿಳಿಯ ತೆರೆ ಇದೆ. ತೆರೆ ಸರಿಸಿದರೆ ಹಸಿರು ತಾನಾಗಿ ತುಂಬಿಕೊಳ್ಳುತ್ತದೆ. ಕಂಪ್ಯೂಟರಿನಲ್ಲಿ ಸ್ಯಾಚುರೇಶನ್ ಏರಿಸಿದರೆ ಸಿಗುವ ಹಸಿರು ಇದಲ್ಲ, ಅದು ಹೊಳಪಿನ ಮೇಲೇ ಬಣ್ಣ ಬಳಿದಂತಿರುತ್ತದೆ. ಮಳೆ ನಿಂತ ಮೇಲೆ ಒದ್ದೆ ಬಂಡೆ, ಒದ್ದೆ ತೊಗಟೆ, ಒದ್ದೆ ಎಲೆಗಳ ನಡುವೆ ಒಮ್ಮೆ ತಿರುಗಿಸಿ ನೋಡಿ, ನಾನು ಹೇಳುವುದು ತಿಳಿಯುತ್ತದೆ.

ಬಳಸುವಾಗ ಕೆಲವು ಮಾತು ನೆನಪಿರಲಿ. ಪೂರ್ತಿ ತಿರುಗಿಸಲೇಬೇಕೆಂದಿಲ್ಲ. ನೀರಿನ ಹೊಳಪನ್ನೆಲ್ಲ ತೆಗೆದರೆ ಕೆಲವೊಮ್ಮೆ ನೀರಿಗೆ ಜೀವವೇ ಇರುವುದಿಲ್ಲ, ಮುಖದ ಮೇಲಿನ ಹೊಳಪನ್ನೆಲ್ಲ ತೆಗೆದರೆ ಮುಖ ಚಪ್ಪಟೆಯಾಗುತ್ತದೆ. ಸ್ವಲ್ಪ ಉಳಿಸಿ. ಕಾಮನಬಿಲ್ಲು ಕಂಡಾಗಲಂತೂ ಎಚ್ಚರ: ಅದರ ಬೆಳಕೂ ಧ್ರುವೀಕರಣಗೊಂಡಿರುತ್ತದೆ, ಒಂದು ಸ್ಥಾನದಲ್ಲಿ ಬಿಲ್ಲು ಎದ್ದು ಕಾಣುತ್ತದೆ, ಇನ್ನೊಂದರಲ್ಲಿ ಅಳಿಸಿಹೋಗುತ್ತದೆ. ಅಡ್ಡ ಹಿಡಿದ ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದರೆ ಫಿಲ್ಟರನ್ನೂ ಮತ್ತೆ ಹೊಂದಿಸಬೇಕು. ಜೂಮಿನ 18 ಎಂಎಂ ತುದಿಯಲ್ಲಿ ಆಕಾಶದ ವಿಸ್ತಾರ ಹೆಚ್ಚು ಬರುವುದರಿಂದ ಒಂದು ಕಡೆ ಕಡುನೀಲಿ, ಇನ್ನೊಂದು ಕಡೆ ತಿಳಿನೀಲಿ ಆಗುವುದುಂಟು. ಹಾಗಾದರೆ ಸ್ವಲ್ಪ ಹಿಂದಕ್ಕೆ ತಿರುಗಿಸಿ, ಇಲ್ಲವೇ 35 ಎಂಎಂ ಕಡೆಗೆ ಜೂಮ್ ಮಾಡಿ. ಐದಾರು ಚಿತ್ರ ಜೋಡಿಸಿ ಪನೋರಮಾ ಮಾಡುವುದಿದ್ದರೆ ಪೋಲರೈಸರ್ ತೆಗೆದೇ ಬಿಡಿ, ಆಕಾಶ ಪಟ್ಟೆ ಪಟ್ಟೆಯಾಗುತ್ತದೆ. ನೀವು ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಾಕುವವರಾದರೆ ಫಿಲ್ಟರ್ ಹೊಂದಿಸುವಾಗ ಅದನ್ನು ತೆಗೆದಿಡಿ, ಎರಡೂ ಸೇರಿದರೆ ಕಾಣುವುದು ಯಾವುದೂ ನಿಜವಲ್ಲ.

ಉಂಗುರವನ್ನು ಯಾವ ಕಡೆಗೆ ತಿರುಗಿಸುತ್ತೀರಿ ಎಂಬುದೂ ಮುಖ್ಯ. ಕ್ಯಾಮೆರಾ ಹಿಂದೆ ನಿಂತವರಿಗೆ ಅದು ಯಾವಾಗಲೂ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಬೇಕು, ಆಗ ಫಿಲ್ಟರಿನ ತಿರುಪು ಬಿಗಿಯಾಗುವ ಕಡೆಗೇ ಇರುತ್ತದೆ. ನಾನು ಇದನ್ನು ಕಲಿತದ್ದು ಹೊಳೆಯ ನಡುವಿನ ಬಂಡೆಯ ಮೇಲೆ. ಇನ್ನೊಂದು ಕಡೆಗೆ ತಿರುಗಿಸುತ್ತ ತಿರುಗಿಸುತ್ತ ತಿರುಪು ಪೂರ್ತಿ ಬಿಚ್ಚಿಕೊಂಡು ಫಿಲ್ಟರ್ ಕಲ್ಲಿಗೆ ಬಡಿದು ನೀರಿಗೆ ಹೋಯಿತು. ಕೊಂಡು ಒಂದು ತಿಂಗಳೂ ಆಗಿರಲಿಲ್ಲ.

ಕೊಳ್ಳುವಾಗ ‘ಸರ್ಕ್ಯುಲರ್’ ಎಂಬ ಪದ ಇರಲಿ. ದುಂಡಗಿದೆ ಎಂದು ಆ ಹೆಸರಲ್ಲ. ಸಾದಾ ಲೀನಿಯರ್ ಪೋಲರೈಸರಿನ ಹಿಂದೆ ಇನ್ನೊಂದು ತೆಳುಪದರ ಸೇರಿಸಿ, ಒಳಗೆ ಹೋಗುವ ಬೆಳಕನ್ನು ಮತ್ತೆ ಸುತ್ತುವಂತೆ ಮಾಡಿರುತ್ತಾರೆ. ಡಿಎಸ್‌ಎಲ್‌ಆರಿನ ಅರೆಪಾರದರ್ಶಕ ಕನ್ನಡಿ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಸರಿಯಾಗಿ ಹಂಚುವುದಿಲ್ಲ, ಬೆಳಕಿನ ಅಳತೆ ಮತ್ತು ಆಟೊಫೋಕಸ್ ತಪ್ಪಬಹುದು. ಅಂಗಡಿಯಲ್ಲೇ ಪರೀಕ್ಷಿಸಿ ನೋಡಬಹುದು: ಎಲ್‌ಸಿಡಿ ಪರದೆಯ ಎದುರು ಫಿಲ್ಟರನ್ನು ಲೆನ್ಸಿನಲ್ಲಿ ಕೂರುವ ಹಾಗೆಯೇ, ತಿರುಪಿನ ಬದಿ ನಿಮ್ಮ ಕಣ್ಣಿನ ಕಡೆಗೆ ಇಟ್ಟು ತಿರುಗಿಸಿ. ಪರದೆ ಒಂದು ಕಡೆ ಕಪ್ಪಾಗಬೇಕು. ಈಗ ಫಿಲ್ಟರನ್ನು ಮಗುಚಿ ನೋಡಿ. ಸರ್ಕ್ಯುಲರ್ ಆಗಿದ್ದರೆ ಕಪ್ಪಾಗುವುದಿಲ್ಲ, ಬಣ್ಣ ಮಾತ್ರ ತುಸು ಬದಲಾಗುತ್ತದೆ. ಎರಡೂ ಕಡೆಯಿಂದ ಕಪ್ಪಾದರೆ ಅದು ಲೀನಿಯರ್. ಎಂದೂ ಕಪ್ಪಾಗದಿದ್ದರೆ ಅದು ಪೋಲರೈಸರೇ ಅಲ್ಲ, ಬರೀ ಬೂದು ಗಾಜು.

ಇನ್ನು ಎನ್‌ಡಿ. ಅದು ನಿಜಕ್ಕೂ ಬರೀ ಬೂದು ಗಾಜು, ಬಣ್ಣ ಬದಲಿಸದೆ ಬೆಳಕನ್ನು ಮಾತ್ರ ತಗ್ಗಿಸುತ್ತದೆ. ಮೇಲೆ ಹೇಳಿದ್ದನ್ನು ನೆನಪಿಸಿಕೊಳ್ಳಿ: ಅದು ಚಿತ್ರವನ್ನು ಕತ್ತಲು ಮಾಡುವುದಿಲ್ಲ, ನಿಮಗೆ ಸಮಯ ಕೊಡುತ್ತದೆ. ಆ ಸಮಯ ಬೇಕಿಲ್ಲದಿದ್ದರೆ ಫಿಲ್ಟರೂ ಬೇಕಿಲ್ಲ. ಬೇಕಾಗುವ ಸಂದರ್ಭಗಳು ನನಗೆ ತಿಳಿದಂತೆ ಮೂರು. ನಿಮ್ಮ 50 ಎಂಎಂ ಲೆನ್ಸನ್ನು ಎಫ್/1.8ಕ್ಕೆ ತೆರೆದು ಬಿಸಿಲಲ್ಲಿ ಹಿನ್ನೆಲೆ ಮಸುಕಾದ ಭಾವಚಿತ್ರ ತೆಗೆಯಲು ಹೊರಟರೆ, ಐಎಸ್‌ಒ 100ರಲ್ಲೂ ಸುಮಾರು 1/8000 ಶಟರ್ ಬೇಕಾಗುತ್ತದೆ. ಹಲವು ಕ್ಯಾಮೆರಾಗಳು 1/4000ಕ್ಕೇ ನಿಲ್ಲುತ್ತವೆ. ಅಲ್ಲಿ ಮೂರು ಸ್ಟಾಪಿನ ಎನ್‌ಡಿ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕೆ ಇಳಿಯುವುದು) ಹಾಕಿದರೆ 1/1000ಕ್ಕೆ ಇಳಿಯುತ್ತದೆ. ಆದರೆ ಪೋಲರೈಸರೂ ಒಂದೂವರೆ ಸ್ಟಾಪಿನಷ್ಟು ಬೆಳಕು ತಿನ್ನುತ್ತದೆ, ಈ ಕೆಲಸಕ್ಕೆ ಅನೇಕ ಸಲ ಅದೇ ಸಾಕಾಗುತ್ತದೆ. ಎರಡನೆಯದು ವಿಡಿಯೊ. ಸೆಕೆಂಡಿಗೆ 25 ಫ್ರೇಮ್ ಇದ್ದರೆ ಶಟರ್ 1/50 ಇರಲಿ ಎನ್ನುತ್ತಾರೆ, ಚಲನೆ ಸಹಜವಾಗಿ ಕಾಣುತ್ತದೆ. ಬಿಸಿಲಲ್ಲಿ ಎಫ್/2.8ರಲ್ಲಿ 1/50 ಸಿಗಬೇಕಾದರೆ ಆರು ಸ್ಟಾಪ್ ತಗ್ಗಿಸಬೇಕು. ಮೂರನೆಯದು ಎಲ್ಲರಿಗೂ ಗೊತ್ತಿರುವುದು: ಹರಿಯುವ ನೀರನ್ನು ಹಾಲಿನಂತೆ, ಓಡುವ ಮೋಡವನ್ನು ಹತ್ತಿ ಎಳೆದಂತೆ ಮಾಡುವ ದೀರ್ಘ ಎಕ್ಸ್‌ಪೋಶರ್. ಅದಕ್ಕಾಗಿ ಅಪರ್ಚರನ್ನು ಎಫ್/22ಕ್ಕೆ ಮುಚ್ಚುವವರಿದ್ದಾರೆ. ಅಷ್ಟು ಚಿಕ್ಕ ರಂಧ್ರದಲ್ಲಿ ಬೆಳಕು ಬಾಗಿ ಹರಡಿಕೊಂಡು ಇಡೀ ಚಿತ್ರ ಮೃದುವಾಗುತ್ತದೆ. ಎಫ್/8, ಎಫ್/11ರಲ್ಲೇ ಉಳಿದು ಎನ್‌ಡಿ ಹಾಕುವುದು ಮೇಲು.

ಎನ್‌ಡಿಯ ಹೆಸರುಗಳೇ ಗೊಂದಲ. ಒಬ್ಬರು ಬೆಳಕು ಎಷ್ಟರಲ್ಲೊಂದು ಪಾಲಾಗುತ್ತದೆ ಎಂದು ಬರೆದರೆ, ಇನ್ನೊಬ್ಬರು ಸಾಂದ್ರತೆಯ ಅಂಕಿ ಬರೆಯುತ್ತಾರೆ, ಮತ್ತೊಬ್ಬರು ಸ್ಟಾಪ್ ಎಣಿಸುತ್ತಾರೆ. ಎನ್‌ಡಿ8 ಅಂದರೂ 0.9 ಅಂದರೂ ಮೂರು ಸ್ಟಾಪ್. ಎನ್‌ಡಿ64, 1.8, ಆರು ಸ್ಟಾಪ್ ಎಲ್ಲ ಒಂದೇ. ಎನ್‌ಡಿ1000 ಎಂಬುದು 3.0, ಹತ್ತು ಸ್ಟಾಪ್. ಸಾಂದ್ರತೆ 0.3 ಏರಿದರೆ ಒಂದು ಸ್ಟಾಪ್ ಏರಿತು ಎಂದು ಲೆಕ್ಕ. ಮೂರು ಸ್ಟಾಪ್ ಬೇಕೆಂದು 3.0 ಎಂದು ಬರೆದದ್ದನ್ನು ತಂದರೆ ಹತ್ತು ಸ್ಟಾಪಿನ ಕಡುಗಪ್ಪು ಗಾಜು ಮನೆಗೆ ಬಂದಿರುತ್ತದೆ.

ಮೊದಲ ಎನ್‌ಡಿ ಕೊಳ್ಳುವವರಿಗೆ ನಾನು ಆರು ಸ್ಟಾಪ್ ಹೇಳುತ್ತೇನೆ. ಬಿಸಿಲಲ್ಲಿ ಎಫ್/11ರಲ್ಲಿ ಇರುವ 1/200, ಆರು ಸ್ಟಾಪಿನಿಂದ ಸೆಕೆಂಡಿನ ಮೂರನೇ ಒಂದು ಭಾಗಕ್ಕೆ ಬರುತ್ತದೆ. ಅದರ ಮೇಲೆ ಪೋಲರೈಸರ್ ಹಾಕಿದರೆ ಒಂದು ಸೆಕೆಂಡಿನ ಹತ್ತಿರ. ಹರಿಯುವ ತೊರೆಗೆ ಇದು ಹೇಳಿ ಮಾಡಿಸಿದ ಅವಧಿ, ನೀರಿನ ಎಳೆಗಳು ಇನ್ನೂ ಕಾಣುತ್ತಿರುತ್ತವೆ. ಹತ್ತು ಸ್ಟಾಪಿನಲ್ಲಿ ಅದೇ ಬೆಳಕಿಗೆ ಐದು ಸೆಕೆಂಡು, ತೊರೆ ಹೊಗೆಯಂತಾಗುತ್ತದೆ. ಸಮುದ್ರಕ್ಕೆ, ಮೋಡಕ್ಕೆ ಅದು ಚೆಂದ. ತೊರೆಗೆ ನನಗೆ ಒಪ್ಪಿಗೆಯಿಲ್ಲ.

ಹತ್ತು ಸ್ಟಾಪಿನ ಲೆಕ್ಕಕ್ಕೆ ಆ್ಯಪ್ ಬೇಕಿಲ್ಲ, ಎರಡು ಕೈಯ ಹತ್ತು ಬೆರಳು ಸಾಕು. ಫಿಲ್ಟರ್ ಇಲ್ಲದೆ 1/125 ಬಂದಿದೆ ಎನ್ನಿ. ಒಂದೊಂದು ಬೆರಳು ಮಡಿಸುತ್ತ ಸಮಯವನ್ನು ಇಮ್ಮಡಿ ಮಾಡಿ: 1/60, 1/30, 1/15, 1/8, 1/4. ಒಂದು ಕೈ ಮುಗಿಯಿತು. ಅರ್ಧ, ಒಂದು, ಎರಡು, ನಾಲ್ಕು, ಎಂಟು. ಎಂಟು ಸೆಕೆಂಡು. ಈ ಲೆಕ್ಕವನ್ನು ಫಿಲ್ಟರ್ ಹಾಕುವ ಮೊದಲೇ ಮಾಡಿ, ಫೋಕಸ್ ಕೂಡ ಮೊದಲೇ ಮಾಡಿಕೊಂಡು ಆಟೊಫೋಕಸ್ ಆಫ್ ಮಾಡಿ. ಹಾಕಿದ ಮೇಲೆ ವ್ಯೂಫೈಂಡರಿನಲ್ಲಿ ಕತ್ತಲು ಬಿಟ್ಟು ಏನೂ ಕಾಣದು. ಟ್ರೈಪಾಡ್ ಮೇಲಿಟ್ಟು, ಎರಡು ಸೆಕೆಂಡಿನ ಟೈಮರಿನಲ್ಲಿ ಕ್ಲಿಕ್ಕಿಸಿ. ಡಿಎಸ್‌ಎಲ್‌ಆರ್‌ನಲ್ಲಿ ಹಿಂದಿನ ಕಣ್ಣುಗಿಂಡಿಯಿಂದಲೂ ಬಿಸಿಲು ಒಳನುಗ್ಗಿ ಲೆಕ್ಕ ಕೆಡಿಸುತ್ತದೆ, ಅದರ ಮುಚ್ಚಳ ಹಾಕಿ, ಇಲ್ಲದಿದ್ದರೆ ಕರವಸ್ತ್ರ ಮುಚ್ಚಿ. ಕಡುಗಪ್ಪು ಎನ್‌ಡಿಗಳು ಕಣ್ಣಿಗೆ ಕಾಣುವ ಬೆಳಕನ್ನು ತಡೆದಷ್ಟು ಇನ್‌ಫ್ರಾರೆಡ್ ಕಿರಣಗಳನ್ನು ತಡೆಯದಿದ್ದರೆ ಚಿತ್ರಕ್ಕೆ ಕಂದು ಛಾಯೆ ಬರುತ್ತದೆ. ರಾ ಫೈಲಿನಲ್ಲಿ ಬಹುಮಟ್ಟಿಗೆ ಸರಿಪಡಿಸಬಹುದು.

ವೇರಿಯಬಲ್ ಎನ್‌ಡಿ ಬಗ್ಗೆ ಕೇಳಿದ್ದೀರಿ. ಅದರಲ್ಲಿರುವುದು ಒಂದರ ಹಿಂದೆ ಒಂದು ಕೂರಿಸಿದ ಎರಡು ಪೋಲರೈಸರುಗಳು. ಒಂದನ್ನು ತಿರುಗಿಸಿದಂತೆ ಎರಡೂ ಒಂದಕ್ಕೊಂದು ಅಡ್ಡವಾಗಿ ಬೆಳಕು ಇಳಿಯುತ್ತದೆ. ವಿಡಿಯೊ ಮಾಡುವವರಿಗೆ ಅದು ವರ. ಕ್ಷಣಕ್ಷಣಕ್ಕೂ ಮೋಡ ಬಿಸಿಲು ಬದಲಾಗುವಾಗ ಫಿಲ್ಟರ್ ಬಿಚ್ಚಿ ಹಾಕುತ್ತ ಕೂರಲಾಗದು. ಸ್ಥಿರಚಿತ್ರಕ್ಕೆ ನಾನು ಸಲಹೆ ಮಾಡುವುದಿಲ್ಲ. ತೀರಾ ಕಪ್ಪಿನ ಕಡೆಗೆ ಒಯ್ದಾಗ, ಅದರಲ್ಲೂ ಅಗಲ ನೋಟದಲ್ಲಿ, ಚಿತ್ರದ ಅಡ್ಡಕ್ಕೆ ಗುಣಿಸು ಚಿಹ್ನೆಯಂತೆ ಕಪ್ಪು ನೆರಳು ಬೀಳುತ್ತದೆ. ಜೊತೆಗೆ ಮುಂದಿನದು ಪೋಲರೈಸರ್ ಆದ್ದರಿಂದ ಕಪ್ಪು ಹೆಚ್ಚು ಕಡಿಮೆ ಮಾಡುವಾಗ ನೀರಿನ ಹೊಳಪು, ಆಕಾಶದ ನೀಲಿ ಕೂಡ ನಿಮ್ಮ ಹಿಡಿತಕ್ಕೆ ಸಿಗದೆ ಬದಲಾಗುತ್ತವೆ. ಕೊಳ್ಳಲೇಬೇಕೆಂದರೆ 2ರಿಂದ 5 ಸ್ಟಾಪಿನೊಳಗೆ ನಿಲ್ಲುವ, ಎರಡೂ ತುದಿಯಲ್ಲಿ ತಡೆ ಇರುವಂಥದ್ದು ಕೊಳ್ಳಿ.

ಯುವಿ ಫಿಲ್ಟರ್ ಬಿಸಿಲಿಗೆ ಏನೂ ಮಾಡುವುದಿಲ್ಲ. ಫಿಲ್ಮಿಗೆ ನೇರಳಾತೀತ ಕಿರಣ ತಾಗುತ್ತಿತ್ತು, ದೂರದ ಬೆಟ್ಟಗಳು ನೀಲಿ ಮಂಜಾಗುತ್ತಿದ್ದವು. ಡಿಜಿಟಲ್ ಸೆನ್ಸರಿನ ಮುಂದೆ ಅದನ್ನು ತಡೆಯುವ ಪದರ ಮೊದಲೇ ಇರುತ್ತದೆ. ಈಗ ಉಳಿದಿರುವುದು ಲೆನ್ಸಿಗೆ ಕಾವಲಾಗುವ ಕೆಲಸ ಮಾತ್ರ. ಮರಳು ಹಾರುವ ಕಡೆ, ಉಪ್ಪುನೀರು ಎರಚುವ ಕಡೆ ಹಾಕಿ. ಬಾಕಿ ಸಮಯದಲ್ಲಿ ಲೆನ್ಸಿನ ಮುಂದೆ ಮರೆಯಾಗಿ ಕೂರುವ ಲೆನ್ಸ್ ಹುಡ್ ಸಾಕು. ಪಕ್ಕದ ಬಿಸಿಲನ್ನೂ ತಡೆಯುತ್ತದೆ, ಬಿದ್ದರೆ ಪೆಟ್ಟನ್ನೂ ತಾನು ತಿನ್ನುತ್ತದೆ. ಲೇಪನವಿಲ್ಲದ ಗಾಜಿನ ಪ್ರತಿಯೊಂದು ಮೈಯೂ ಬೆಳಕಿನ ಶೇ. 4ರಷ್ಟನ್ನು ಹಿಂದಕ್ಕೆ ಚಿಮ್ಮಿಸುತ್ತದೆ, ಎರಡು ಮೈ ಸೇರಿ ಶೇ. 8. ಸೂರ್ಯ ಚೌಕಟ್ಟಿನೊಳಗೆ ಇದ್ದಾಗ ಇದು ಹಸಿರು ಚುಕ್ಕೆಯಾಗಿ, ಬಿಳಿ ಮುಸುಕಾಗಿ ಕಾಣಿಸಿಕೊಳ್ಳುತ್ತದೆ. ಮಲ್ಟಿಕೋಟ್, ಅಂದರೆ ಹಲವು ಪದರದ ಲೇಪನ ಇರುವ ಫಿಲ್ಟರಿನಲ್ಲಿ ಈ ನಷ್ಟ ತೀರಾ ಕಡಿಮೆ. ಅಗ್ಗದ ಸೆಟ್ ಬೇಡ ಎಂದು ನಾನು ಮೊದಲೇ ಹೇಳಿದ್ದು ಇದಕ್ಕೇ. ಕೋಟಿಂಗ್ ಇದೆಯೇ ಎಂದು ತಿಳಿಯಲು ಟ್ಯೂಬ್‌ಲೈಟಿನ ಬಿಂಬವನ್ನು ಫಿಲ್ಟರಿನ ಮೇಲೆ ಬೀಳಿಸಿ ನೋಡಿ: ಬೆಳ್ಳಗೆ ಕಂಡರೆ ಇಲ್ಲ, ಮಂಕು ಹಸಿರು ಅಥವಾ ನೇರಳೆಯಾಗಿ ಕಂಡರೆ ಇದೆ. ಪೋಲರೈಸರ್ ಹಾಕುವಾಗ ಯುವಿ ತೆಗೆಯಿರಿ, ಆ ಎರಡನ್ನು ಒಂದರ ಮೇಲೊಂದು ಪೇರಿಸಬೇಡಿ.

ಅರ್ಧ ಕಪ್ಪು ಅರ್ಧ ತಿಳಿ ಇರುವ ಗ್ರ್ಯಾಜುಯೇಟೆಡ್ ಫಿಲ್ಟರನ್ನು ನೀವು ಕೇಳಿಲ್ಲ, ಯಾರಾದರೂ ಹೇಳಿಯೇ ಹೇಳುತ್ತಾರೆ. ದಿಗಂತ ನೇರವಾಗಿದ್ದರೆ ಚೆನ್ನ, ನಡುವೆ ಮರವೋ ಬೆಟ್ಟವೋ ಎದ್ದು ನಿಂತರೆ ಅದರ ತುದಿಯೂ ಕಪ್ಪಾಗುತ್ತದೆ. ಬೇರೆ ಬೇರೆ ಎಕ್ಸ್‌ಪೋಶರಿನಲ್ಲಿ ಎರಡು ಮೂರು ಚಿತ್ರ ತೆಗೆದು ಸೇರಿಸುವುದು ಈಗ ಸುಲಭ.

ಅಳತೆಗೆ ಬರೋಣ. ಲೆನ್ಸಿನ ಮೇಲೆ ಬರೆದಿರುವ 50 ಎಂಎಂ ಫಿಲ್ಟರಿನ ಅಳತೆಯಲ್ಲ, ಅದು ಫೋಕಲ್ ಲೆಂತ್. ಸೊನ್ನೆಗೆ ಓರೆಗೆರೆ ಎಳೆದಂಥ ಗುರುತಿನ ಪಕ್ಕದ ಸಂಖ್ಯೆ ನೋಡಿ, ಲೆನ್ಸ್ ಮುಚ್ಚಳದ ಒಳಬದಿಯಲ್ಲೂ ಅದೇ ಇರುತ್ತದೆ. ನೀವು ಹೇಳಿದ ಬಗೆಯ ಲೆನ್ಸುಗಳಲ್ಲಿ ಜೂಮಿನದು 67, ಚಿಕ್ಕದರದು 49 ಇರುವುದುಂಟು, ನಿಮ್ಮದನ್ನು ನೋಡಿ ಖಚಿತಪಡಿಸಿಕೊಳ್ಳಿ. ದೊಡ್ಡ ಅಳತೆಗೆ ಒಂದು ಫಿಲ್ಟರ್ ಕೊಂಡು, ಚಿಕ್ಕ ಲೆನ್ಸಿಗೆ ಅಳತೆ ಹೊಂದಿಸುವ ಸ್ಟೆಪ್-ಅಪ್ ರಿಂಗ್ ಹಾಕಿ ಅದನ್ನೇ ಬಳಸಿ. ದೊಡ್ಡ ಲೆನ್ಸಿಗೆ ಚಿಕ್ಕ ಫಿಲ್ಟರ್ ಹಾಕಲು ಹೋಗಬೇಡಿ, ನಾಲ್ಕು ಮೂಲೆಯೂ ಕಪ್ಪಾಗುತ್ತದೆ. ರಿಂಗ್ ಹಾಕಿದಾಗ ಚಿಕ್ಕ ಲೆನ್ಸಿನ ಹುಡ್ ಕೂರುವುದಿಲ್ಲ, ಅಂಗೈಯನ್ನೇ ಮರೆಯಾಗಿ ಹಿಡಿಯಬೇಕು.

ಒಂದು ಎಚ್ಚರಿಕೆಯನ್ನು ಹೇಳದೆ ಮುಂದೆ ಹೋಗಲಾರೆ. ಹತ್ತು ಸ್ಟಾಪಿನ ಎನ್‌ಡಿ ಎಷ್ಟೇ ಕಪ್ಪಾಗಿ ಕಂಡರೂ ಅದನ್ನು ಹಾಕಿಕೊಂಡು ಡಿಎಸ್‌ಎಲ್‌ಆರಿನ ವ್ಯೂಫೈಂಡರಿನಲ್ಲಿ ಸೂರ್ಯನನ್ನು ನೋಡಬೇಡಿ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಅದರಿಂದ ನುಸುಳಿ ಬರಬಹುದು, ಅಕ್ಷಿಪಟಲ ಸುಟ್ಟರೂ ನೋವಾಗುವುದಿಲ್ಲ. ಗ್ರಹಣದ ಚಿತ್ರಕ್ಕೆ ಬೆಳಕನ್ನು ಲಕ್ಷದಲ್ಲೊಂದು ಪಾಲಿಗೆ ಇಳಿಸುವ, ಸೂರ್ಯನಿಗೆಂದೇ ಮಾಡಿದ ಸೋಲಾರ್ ಫಿಲ್ಟರನ್ನು ಲೆನ್ಸಿನ ಮುಂದೆ ಹಾಕಬೇಕು. ಗ್ರಹಣದ ಕನ್ನಡಕ ಕಣ್ಣಿಗೆ ಹಾಕಿಕೊಂಡು ವ್ಯೂಫೈಂಡರಿನಲ್ಲಿ ಇಣುಕುವುದೂ ಅಷ್ಟೇ ಅಪಾಯ.

ಕೊನೆಗೆ ನಿಮ್ಮ ಬಿಗಿದುಕೊಂಡ ಯುವಿ. ಬಲ ಹಾಕಿ ಹಿಡಿದಷ್ಟೂ ತೆಳುವಾದ ಲೋಹದ ಉಂಗುರ ಅಂಡಾಕಾರಕ್ಕೆ ಅಮುಕಿಕೊಂಡು ತಿರುಪು ಇನ್ನೂ ಕಚ್ಚುತ್ತದೆ. ಇಕ್ಕಳ ಹತ್ತಿರ ತರಲೇಬೇಡಿ. ಅಗಲವಾದ ರಬ್ಬರ್ ಬ್ಯಾಂಡನ್ನು ಫಿಲ್ಟರಿನ ಅಂಚಿಗೆ ಎರಡು ಸುತ್ತು ಸುತ್ತಿ, ಬೆರಳುಗಳನ್ನು ಸುತ್ತಲೂ ಸಮವಾಗಿ ಇಟ್ಟು, ಲೆನ್ಸಿನ ಮುಂಭಾಗ ನಿಮ್ಮ ಕಡೆ ಇರುವಂತೆ ಹಿಡಿದು ಎಡಕ್ಕೆ ಮೆಲ್ಲಗೆ ತಿರುಗಿಸಿ. ಬರದಿದ್ದರೆ ಮೌಸ್‌ಪ್ಯಾಡಿನ ರಬ್ಬರ್ ಬದಿಯನ್ನು ಮೇಲೆ ಮಾಡಿ ಮೇಜಿನ ಮೇಲಿಟ್ಟು, ಲೆನ್ಸನ್ನು ಅದರ ಮೇಲೆ ಬೋರಲು ಹಾಕಿ, ಹಗುರವಾಗಿ ಒತ್ತಿ ತಿರುಗಿಸಿ. ಆಗ ಒತ್ತಡ ಉಂಗುರದ ಸುತ್ತ ಒಂದೇ ಸಮನೆ ಬೀಳುವುದರಿಂದ ಸಾಮಾನ್ಯವಾಗಿ ಬಿಟ್ಟುಕೊಡುತ್ತದೆ. ಬಿಚ್ಚಿದ ಮೇಲೆ ತಿರುಪಿನ ಸಂದಿನ ಮರಳನ್ನು ಒಣ ಬ್ರಷ್ಷಿನಿಂದ ತೆಗೆದು, ಮುಂದಿನ ಸಲ ಹಾಕುವಾಗ ತಡೆ ಸಿಕ್ಕಿದಲ್ಲಿಗೇ ನಿಲ್ಲಿಸಿ, ಇನ್ನೊಂದು ಸುತ್ತು ಬಿಗಿಯಬೇಡಿ.